ಲಕ್ವದ ನಂತರ ಕೈಕಾಲು ಬಿಗಿತ: ಕರೆಂಟ್ ಚಿಕಿತ್ಸೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ವಾರದಲ್ಲಿ ಎರಡು ದಿನ ಆಲೂರು, ಸಕಲೇಶಪುರದ ಕಡೆ ರೋಗಿಗಳ ಮನೆಗೇ ಹೋಗುತ್ತೇನೆ. ಲಕ್ವ ಹೊಡೆದು ಮೂರ್ನಾಲ್ಕು ತಿಂಗಳಾದವರ ಮನೆಯಲ್ಲಿ ಮೊದಲು ಬರುವ ಮಾತು ಹೆಚ್ಚುಕಡಿಮೆ ಒಂದೇ: "ಕರೆಂಟ್ ಇಟ್ರೆ ಕೈ ಸಡಿಲ ಆಗುತ್ತಂತೆ, ಹೌದಾ?" ಹೌದು, ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಎಷ್ಟು ಆಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ನೀವು ಏನು ಮಾಡಬೇಕು ಅನ್ನುವುದನ್ನು ಹೊರಡುವ ಗಡಿಬಿಡಿಯಲ್ಲಿ ಬಾಗಿಲ ಬಳಿ ನಿಂತು ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಅಪ್ಪನ ಕೈ ಜೋತು ಬಿದ್ದಿತ್ತು. ಈಗ ಗಟ್ಟಿಯಾಗಿ ಮಡಚಿಕೊಂಡಿದೆ. ಶಕ್ತಿ ಬರ್ತಿದೆ ಅಂತ ಅಲ್ವಾ?

ಎಷ್ಟೋ ಮನೆಗಳಲ್ಲಿ ಇದನ್ನು ಖುಷಿಯಿಂದ ಹೇಳುತ್ತಾರೆ. "ನೋಡಿ, ಎಷ್ಟು ಗಟ್ಟಿ ಹಿಡಿದಿದ್ದಾರೆ" ಎಂದು ಮುಷ್ಟಿ ತೋರಿಸುತ್ತಾರೆ. ಆ ಖುಷಿಯನ್ನು ಕೆಡಿಸಲು ಮನಸ್ಸು ಬರುವುದಿಲ್ಲ, ಆದರೂ ಹೇಳಲೇಬೇಕು. ಹಿಡಿಯುವುದು ಶಕ್ತಿ, ಬೇಕಾದಾಗ ಬಿಡುವುದೂ ಶಕ್ತಿ. ಬಿಡಲು ಆಗದೆ ಹಿಡಿದುಕೊಂಡೇ ಇರುವುದು ಬಿಗಿತ.

ಸ್ನಾಯುವನ್ನು ಯಾರಾದರೂ ಎಳೆದರೆ ಅದು ತಿರುಗಿ ಬಿಗಿ ಹಿಡಿಯುತ್ತದೆ. ಇದು ಬೆನ್ನುಹುರಿಯ ಹುಟ್ಟುಗುಣ, ನಮ್ಮೆಲ್ಲರಿಗೂ ಇದೆ. ಮೆದುಳು ಇದಕ್ಕೆ ಮೂಗುದಾರ ಹಾಕಿ ಹಿಡಿದಿರುತ್ತದೆ. ಸ್ಟ್ರೋಕ್‌ನಲ್ಲಿ ಮೆದುಳಿನ ಆ ಭಾಗಕ್ಕೆ ಪೆಟ್ಟು ಬಿದ್ದಾಗ ಮೂಗುದಾರ ಸಡಿಲವಾಗುತ್ತದೆ. ಆಗ ಚೂರು ಎಳೆದರೂ ಸ್ನಾಯು ಜೋರಾಗಿ ಸೆಟೆದುಕೊಳ್ಳುತ್ತದೆ. ಕೆಲವರ ಪಾದ ನೆಲಕ್ಕೆ ತಾಗಿದ ಕೂಡಲೇ ತಕತಕ ಕುಣಿಯುವುದೂ ಇದರಿಂದಲೇ.

ಒಂದು ಗುರುತು ಇಟ್ಟುಕೊಳ್ಳಿ. ಕೈಯನ್ನು ಬೇಗ ಬಿಚ್ಚಲು ಹೋದರೆ ಜಾಸ್ತಿ ಬಿಗಿಯುತ್ತದೆ, ನಿಧಾನವಾಗಿ ಬಿಚ್ಚಿದರೆ ಬಿಟ್ಟುಕೊಡುತ್ತದೆ. ಜೇಮ್ಸ್ ಲ್ಯಾನ್ಸ್ ಎಂಬ ನರರೋಗ ತಜ್ಞರು 1980ರಲ್ಲಿ ಈ ಬಿಗಿತ ಅಂದರೆ ಏನು ಎಂದು ವಿವರಿಸಿದಾಗ ಮುಖ್ಯವಾಗಿ ಹೇಳಿದ್ದೂ ಈ ವೇಗದ ಮಾತನ್ನೇ. ಎಷ್ಟು ನಿಧಾನವಾಗಿ ಎಳೆದರೂ ಬರುವುದೇ ಇಲ್ಲ ಅಂದರೆ ಸ್ನಾಯು, ಕೀಲು ಗಿಡ್ಡವಾಗಿ ಕೂತುಬಿಟ್ಟಿರಬಹುದು. ಅದಕ್ಕೆ ಕರೆಂಟ್ ಮದ್ದಲ್ಲ. ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ನಿಧಾನವಾಗಿ ಎಳೆಯಬೇಕಾಗುತ್ತದೆ, ಕೆಲವೊಮ್ಮೆ ಆಪರೇಷನ್ನೇ ಬೇಕಾಗುತ್ತದೆ. ಅಲ್ಲಿಯವರೆಗೆ ಬಿಡಬಾರದು ಎಂದೇ ಇಷ್ಟು ಬರೆಯುತ್ತಿದ್ದೇನೆ.

ಕರೆಂಟ್ ಅಂದರೆ ಭಯ ಆಗುತ್ತೆ. ಶಾಕ್ ಹೊಡೆಯಲ್ವಾ?

ಇಲ್ಲ. ಮನೆಯಲ್ಲಿ ಬಳಸುವುದು ಟೆನ್ಸ್ (TENS) ಮೆಶಿನ್, ಅಂದರೆ ಚರ್ಮಕ್ಕೆ ಪ್ಯಾಡ್ ಅಂಟಿಸಿ ನರಕ್ಕೆ ಸಣ್ಣ ಕರೆಂಟ್ ಕೊಡುವಂಥದ್ದು. ಅದು ಅಂಗೈ ಅಗಲ ಇರುತ್ತದೆ, ಬ್ಯಾಟರಿಯಲ್ಲಿ ನಡೆಯುತ್ತದೆ. ಗೋಡೆಯ ಪ್ಲಗ್‌ನ ಕರೆಂಟ್ ಮೈಗೆ ಬರುವುದಿಲ್ಲ. ಪ್ಯಾಡ್ ಇಟ್ಟ ಕಡೆ ಜುಮ್ ಜುಮ್ ಅನ್ನಿಸುತ್ತದೆ, ಅಷ್ಟೆ. ನಾನು ಮೊದಲು ನನ್ನ ಕೈಗೆ ಇಟ್ಟು ತೋರಿಸುತ್ತೇನೆ. ಆಮೇಲೆ ರೋಗಿಯ ಒಳ್ಳೆಯ ಕೈಗೆ ಇಡುತ್ತೇನೆ. ಕೊನೆಗೆ ಲಕ್ವ ಹೊಡೆದ ಕಡೆಗೆ.

ಆಸ್ಪತ್ರೆಯಲ್ಲಿ ಇಟ್ಟಾಗ ಬೆರಳು ಎದ್ದು ಕುಣಿಯುತ್ತಿದ್ದವು. ಮನೆ ಮೆಶಿನ್‌ನಲ್ಲಿ ಏನೂ ಅಲ್ಲಾಡಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ. ಎರಡೂ ಬೇರೆ ಬೇರೆ ಕೆಲಸ. ಟೆನ್ಸ್‌ನಲ್ಲಿ ಚರ್ಮದಡಿಯ ಸ್ಪರ್ಶದ ನರಗಳನ್ನು ಮಾತ್ರ ಎಬ್ಬಿಸುತ್ತೇವೆ, ಸ್ನಾಯು ಅಲ್ಲಾಡಬೇಕಿಲ್ಲ. ಆಸ್ಪತ್ರೆಯಲ್ಲಿ ನೀವು ನೋಡಿದ್ದು ಸ್ನಾಯುವನ್ನೇ ಎಬ್ಬಿಸುವ ಕರೆಂಟ್. ಅದನ್ನು ಸಾಮಾನ್ಯವಾಗಿ ಬಿಗಿಯಾದ ಸ್ನಾಯುವಿಗೆ ಇಡದೆ ಅದರ ಎದುರಾಳಿಗೆ ಇಡುತ್ತೇವೆ. ಬೆರಳು ಮುಚ್ಚುವ ಸ್ನಾಯು ಬಿಗಿದಿದ್ದರೆ ಬೆರಳು ಬಿಚ್ಚುವ ಸ್ನಾಯುವಿಗೆ, ಅಂದರೆ ಮುಂಗೈಯ ಹಿಂಬದಿಗೆ. ಒಂದು ಸ್ನಾಯು ಕೆಲಸಕ್ಕೆ ಎದ್ದಾಗ ಅದರ ಎದುರಿನದಕ್ಕೆ "ನೀನು ಬಿಡು" ಎಂದು ಬೆನ್ನುಹುರಿಯೇ ಹೇಳುತ್ತದೆ. ಆ ಗುಣವನ್ನೇ ಇಲ್ಲಿ ಬಳಸಿಕೊಳ್ಳುತ್ತೇವೆ.

ಈ ವಿದ್ಯೆ ಹೊಸದೇನಲ್ಲ. 1961ರಲ್ಲೇ ಲಿಬರ್ಸನ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಪಾದ ಎತ್ತಲಾಗದ ಲಕ್ವ ರೋಗಿಗಳಿಗೆ ಇಂಥದ್ದೊಂದು ಸಾಧನ ಮಾಡಿದ್ದರು. ಶೂನ ಹಿಮ್ಮಡಿಯಲ್ಲಿ ಸ್ವಿಚ್. ಹಿಮ್ಮಡಿ ಎದ್ದಾಗ ಕರೆಂಟ್ ಹರಿದು ಪಾದ ಎತ್ತುತ್ತಿತ್ತು, ಹಿಮ್ಮಡಿ ಊರಿದಾಗ ನಿಲ್ಲುತ್ತಿತ್ತು.

ಸುಮ್ನೆ ಜುಮ್ ಅನ್ನಿಸಿದರೆ ಬಿಗಿತ ಯಾಕೆ ಕಮ್ಮಿ ಆಗುತ್ತೆ?

ಪ್ಯಾಡ್‌ನಿಂದ ಹೊರಟ ಸ್ಪರ್ಶದ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಒಂದೇ ಸಮನೆ ಹೋಗುತ್ತಿರುತ್ತದೆ. ಅಲ್ಲಿ ಸಿಕ್ಕಾಪಟ್ಟೆ ಉದ್ರೇಕಗೊಂಡಿರುವ ಆ ಸೆಟೆಯುವ ದಾರಿಯನ್ನು ಅದು ಸ್ವಲ್ಪ ತಣ್ಣಗೆ ಮಾಡುತ್ತದೆ. ಮಿಂಡಿ ಲೆವಿನ್ ಮತ್ತು ಕ್ರಿಸ್ಟಿನಾ ಹುಯಿ-ಚಾನ್ 1992ರಲ್ಲಿ ಒಂದು ಚಿಕ್ಕ ಗುಂಪಿನ ಮೇಲೆ ಇದನ್ನು ಪರೀಕ್ಷಿಸಿದರು. ದಿನಕ್ಕೆ 60 ನಿಮಿಷದಂತೆ ಮೂರು ವಾರ ಟೆನ್ಸ್ ಇಟ್ಟಾಗ ಮೀನಖಂಡದ ಬಿಗಿತ ಇಳಿಯಿತು, ಪಾದ ಎತ್ತುವ ಬಲವೂ ಸುಧಾರಿಸಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಆದ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಟೆನ್ಸ್ ಜೊತೆ ವ್ಯಾಯಾಮ ಸೇರಿದರೆ ಬಿಗಿತ ಕಡಿಮೆಯಾಗುವುದು ಕಂಡಿದೆ. ಅದರಲ್ಲೂ ಕಾಲಿನ ವಿಷಯದಲ್ಲಿ ಆಧಾರ ಗಟ್ಟಿ. ಇಳಿಯುವ ಪ್ರಮಾಣ ಸಾಧಾರಣ. ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಇಟ್ಟಾಗ ಸಡಿಲ ಆಗುತ್ತೆ, ಸಂಜೆಗೆ ಮತ್ತೆ ಹಾಗೇ. ಹಾಗಾದರೆ ಏನು ಉಪಯೋಗ?

ಇಡೀ ಬರಹದಲ್ಲಿ ಒಂದೇ ಉತ್ತರ ಓದಲು ಸಮಯ ಇದ್ದರೆ ಇದನ್ನು ಓದಿ.

ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಬಿತ್ತುವವರಿಗೆ ಹದ ಅಂದರೆ ಏನು ಎಂದು ಹೇಳಿಕೊಡಬೇಕಿಲ್ಲ. ಮುಂಗಾರಿನ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಬಿತ್ತಬೇಕು. ಎರಡು ದಿನ ತಡ ಮಾಡಿದರೆ ನೆಲ ಮತ್ತೆ ಗಟ್ಟಿ. ಮಳೆ ಬಂತು ಎಂದು ಮನೆಯಲ್ಲಿ ಕೂತವನಿಗೆ ಬೆಳೆ ಬರುವುದಿಲ್ಲ. ಟೆನ್ಸ್ ಮಾಡುವುದು ನೆಲ ಹದ ಮಾಡುವ ಕೆಲಸ. ಒಂದು ಸಲ ಇಟ್ಟರೆ ಸಿಗುವ ಸಡಿಲ ಸ್ವಲ್ಪ ಹೊತ್ತಿನದು, ಮರುದಿನದವರೆಗೆ ನಿಲ್ಲುವಂಥದ್ದಲ್ಲ. ಆ ಹೊತ್ತಿನಲ್ಲಿ ಕೈಗೆ, ಕಾಲಿಗೆ ಏನು ಕಲಿಸುತ್ತೀರಿ ಅನ್ನುವುದೇ ಚಿಕಿತ್ಸೆ.

ನನ್ನ ಕೆಲಸದ ಮೊದಲ ವರ್ಷಗಳಲ್ಲಿ ನಾನೂ ಇದನ್ನು ಸರಿಯಾಗಿ ಮಾಡುತ್ತಿರಲಿಲ್ಲ. ಪ್ಯಾಡ್ ಇಟ್ಟು, ಸಮಯ ಮುಗಿದ ಮೇಲೆ ತೆಗೆದು, "ನಾಳೆ ಬನ್ನಿ" ಎಂದು ಕಳಿಸುತ್ತಿದ್ದೆ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬಂದವರು ಹದವಾದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಬಸ್ಸಿನಲ್ಲಿ ಕೂತು ಹೋಗುತ್ತಿದ್ದರು. ಊರು ಮುಟ್ಟುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತಿತ್ತು. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

2007ರಲ್ಲಿ ಹಾಂಗ್ ಕಾಂಗ್‌ನ ಒಂದು ಅಧ್ಯಯನ ಪ್ರಕಟವಾಯಿತು. ಸ್ಟ್ರೋಕ್ ಆಗಿ ವರ್ಷ ದಾಟಿದವರಿಗೆ ಮನೆಯಲ್ಲೇ ವಾರಕ್ಕೆ 5 ದಿನ, 4 ವಾರ, ದಿನಕ್ಕೆ 60 ನಿಮಿಷ ಟೆನ್ಸ್ ಇಟ್ಟರು. ಒಂದು ಗುಂಪಿಗೆ ಬರೀ ಟೆನ್ಸ್. ಇನ್ನೊಂದು ಗುಂಪಿಗೆ ಟೆನ್ಸ್ ಆದ ಮೇಲೆ ಏಳುವುದು, ಕೂರುವುದು, ಹೆಜ್ಜೆ ಇಡುವುದು ಇಂಥ ದಿನಬಳಕೆಯ ಅಭ್ಯಾಸ. ನಡಿಗೆಯ ವೇಗದಲ್ಲಿ ಮುಂದೆ ಬಂದವರು ಎರಡನೇ ಗುಂಪಿನವರು.

ಹಾಗಾದರೆ ಪ್ಯಾಡ್ ತೆಗೆದ ತಕ್ಷಣ ಏನು ಮಾಡಬೇಕು? ಕಾಲಾದರೆ, ಮೀನಖಂಡವನ್ನು ನಿಧಾನವಾಗಿ ಎಳೆಯಿರಿ. ಗೋಡೆಗೆ ಕೈ ಕೊಟ್ಟು ನಿಲ್ಲಿಸಿ, ಹಿಮ್ಮಡಿ ನೆಲಕ್ಕೆ ಊರಿರಲಿ, ಅರ್ಧ ನಿಮಿಷ ಹಾಗೇ ಇರಲಿ, ನಾಲ್ಕೈದು ಸಲ. ಆಮೇಲೆ ಕುರ್ಚಿಯಿಂದ ಏಳುವುದು, ಕೂರುವುದು. ಲಕ್ವದ ಕಡೆಯ ಪಾದ ಸ್ವಲ್ಪ ಹಿಂದಕ್ಕೆ ಇರಲಿ, ಇಲ್ಲದಿದ್ದರೆ ಭಾರವೆಲ್ಲ ಒಳ್ಳೆಯ ಕಾಲಿಗೇ ಹೋಗುತ್ತದೆ. ಆಮೇಲೆ ನಡಿಗೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಕೈಯಾದರೆ, ಬೆರಳ ತುದಿ ಹಿಡಿದು ಎಳೆಯಬೇಡಿ. ಮೊದಲು ಮಣಿಕಟ್ಟನ್ನು ಒಳಕ್ಕೆ ಬಾಗಿಸಿದರೆ ಬೆರಳು ತಾನಾಗಿ ಸ್ವಲ್ಪ ಸಡಿಲವಾಗುತ್ತದೆ. ಹೆಬ್ಬೆರಳನ್ನು ಬುಡದಿಂದ ಹಿಡಿದು ಹೊರಕ್ಕೆ ತನ್ನಿ, ಆಮೇಲೆ ಉಳಿದ ಬೆರಳು, ಕೊನೆಗೆ ಮಣಿಕಟ್ಟನ್ನು ನಿಧಾನವಾಗಿ ಮೇಲಕ್ಕೆ. ಬಿಚ್ಚಿದ ಅಂಗೈಯನ್ನು ಮೇಜಿನ ಮೇಲೆ ಊರಿಸಿ. ಆಮೇಲೆ ಹಿಡಿದು ಬಿಡುವ ಕೆಲಸ. ಆಲೂರು ಕಡೆಯ ಒಬ್ಬರು ಅಜ್ಜಿಗೆ ಅವರ ಸೊಸೆ ಒಂದು ಬಟ್ಟಲಿಂದ ಇನ್ನೊಂದು ಬಟ್ಟಲಿಗೆ ಅವರೆಕಾಯಿ ಹಾಕಿಸುತ್ತಿದ್ದರು. ಮೊದಲ ವಾರ ಒಂದು ಕಾಯಿ ಬಿಡಲು ಅಜ್ಜಿ ಒದ್ದಾಡುತ್ತಿದ್ದರು. ಆ ಸೊಸೆ ಒಂದು ದಿನವೂ "ಬೇಗ ಬಿಡಿ ಅತ್ತೆ" ಅನ್ನಲಿಲ್ಲ. ಕಾದರು. ಅವರೆ ಕಾಲ ಮುಗಿಯುವ ಹೊತ್ತಿಗೆ ಬಟ್ಟಲು ಖಾಲಿಯಾಗುತ್ತಿತ್ತು.

ಎಷ್ಟು ಹೊತ್ತು, ಎಷ್ಟು ಜೋರು ಇಡಬೇಕು?

ಟೆನ್ಸ್‌ಗೆ ಸಾಮಾನ್ಯವಾಗಿ 100 ಹರ್ಟ್ಜ್ (ಸೆಕೆಂಡಿಗೆ ನೂರು ಮಿಡಿತ) ಆಸುಪಾಸು, ಮಿಡಿತದ ಅಗಲ (ಒಂದೊಂದು ಮಿಡಿತ ಇರುವ ಹೊತ್ತು) 200 ಮೈಕ್ರೋಸೆಕೆಂಡ್ ಹತ್ತಿರ ಇಡುತ್ತೇವೆ. 30 ನಿಮಿಷಕ್ಕಿಂತ ಕಡಿಮೆ ಬೇಡ, 60ರವರೆಗೆ ಹೋಗಬಹುದು. ದಿನಕ್ಕೆ ಒಂದು ಸಲ, ವಾರಕ್ಕೆ ಐದು ದಿನ. ಮೂರರಿಂದ ಆರು ವಾರ ಬಿಡದೆ ಮಾಡಿ ಆಮೇಲೆ ತೀರ್ಮಾನಿಸಿ. ಹತ್ತು ನಿಮಿಷ ಇಟ್ಟು "ಏನೂ ಆಗ್ಲಿಲ್ಲ" ಎಂದು ಬಿಟ್ಟವರು ತುಂಬ ಜನ ಇದ್ದಾರೆ.

ಜೋರು ಎಷ್ಟು ಅಂದರೆ, ಚೆನ್ನಾಗಿ ಜುಮ್ ಅನ್ನಬೇಕು, ನೋವಾಗಬಾರದು, ಸ್ನಾಯು ಎಗರಬಾರದು. ನೋವಾದರೆ ಬಿಗಿತ ಉಲ್ಟಾ ಹೆಚ್ಚುತ್ತದೆ. ಜಾಸ್ತಿ ಇಟ್ಟರೆ ಬೇಗ ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸ್ನಾಯು ಎಬ್ಬಿಸುವ ಕರೆಂಟ್‌ನ ಅಳತೆ ಬೇರೆ, 20ರಿಂದ 50 ಹರ್ಟ್ಜ್. ಕೆಲವು ಸೆಕೆಂಡ್ ಎಬ್ಬಿಸಿ ಅದಕ್ಕಿಂತ ಹೆಚ್ಚು ಹೊತ್ತು ವಿಶ್ರಾಂತಿ ಕೊಡಬೇಕು, ಇಲ್ಲದಿದ್ದರೆ ಸ್ನಾಯು ದಣಿಯುತ್ತದೆ. ಅದು ಕುಣಿಯುವಾಗ ರೋಗಿ ಟಿವಿ ನೋಡುತ್ತಾ ಕೂರಬಾರದು. ಮೆಶಿನ್ ಬೆರಳು ಎತ್ತುವಾಗ ತಾವೂ ಎತ್ತಲು ಪ್ರಯತ್ನ ಮಾಡಬೇಕು.

ಪ್ಯಾಡ್ ಎಲ್ಲಿ ಅಂಟಿಸಬೇಕು?

ಪಾದ ಒಳಕ್ಕೆ ತಿರುಗಿ ಹಿಮ್ಮಡಿ ಊರದವರಿಗೆ, ಮೊಣಕಾಲಿನ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನ ಹತ್ತಿರ. ಪಾದ ಎತ್ತುವ ನರ ಅಲ್ಲೇ ಸುತ್ತಿ ಬರುತ್ತದೆ. ಕೈಗಾದರೆ ಹೆಚ್ಚಾಗಿ ಮುಂಗೈಯ ಹಿಂಬದಿ. ಕೆಲವರಿಗೆ ಬಿಗಿದ ಸ್ನಾಯುವಿನ ಮೇಲೇ ಟೆನ್ಸ್ ಇಡುವುದೂ ಉಂಟು. ಓದಿ ಊಹಿಸಿ ಅಂಟಿಸಬೇಡಿ. ಮೊದಲ ಸಲ ಫಿಸಿಯೋಥೆರಪಿಸ್ಟ್ ಕೈಯಲ್ಲಿ ಪೆನ್ನಿನಿಂದ ಗುರುತು ಹಾಕಿಸಿಕೊಂಡು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಯಾರಿಗೆ ಇಡಬಾರದು?

ಹೃದಯಕ್ಕೆ ಪೇಸ್‌ಮೇಕರ್ ಅಥವಾ ಅಂಥ ಸಾಧನ ಹಾಕಿದ್ದರೆ, ಹೃದಯದ ಡಾಕ್ಟರು ಒಪ್ಪದೆ ಇಡಲೇಬಾರದು. ಕುತ್ತಿಗೆಯ ಮುಂಭಾಗ, ಕಣ್ಣು, ಗಾಯ, ಕ್ಯಾನ್ಸರ್ ಇರುವ ಜಾಗ, ಗರ್ಭಿಣಿಯರ ಹೊಟ್ಟೆಯ ಮೇಲೆ ಬೇಡ. ಫಿಟ್ಸ್ ಬರುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಇನ್ನೊಂದು ವಿಷಯ ತುಂಬ ಮುಖ್ಯ. ಸ್ಟ್ರೋಕ್ ಆದವರಲ್ಲಿ ಅನೇಕರಿಗೆ ಆ ಕಡೆ ಸ್ಪರ್ಶವೇ ಸರಿಯಾಗಿ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಕಷ್ಟ. ಅವರು "ಗೊತ್ತಾಗ್ತಿಲ್ಲ, ಇನ್ನೂ ಹೆಚ್ಚು ಮಾಡಿ" ಅನ್ನುತ್ತಾರೆ. ಮನೆಯವರು ಹೆಚ್ಚು ಮಾಡುತ್ತಾರೆ. ಚರ್ಮ ಸುಡುತ್ತದೆ. ಅಂಥ ಸುಟ್ಟ ಗಾಯ ಇಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ತಿಂಗಳಾದರೂ ಮಾಗಿರಲಿಲ್ಲ. ಕಣ್ಣು ಮುಚ್ಚಿಸಿ ತಣ್ಣೀರಿನ ಲೋಟ, ಬೆಚ್ಚನೆ ನೀರಿನ ಲೋಟ ಮುಟ್ಟಿಸಿ ನೋಡಿ. ವ್ಯತ್ಯಾಸ ಹೇಳಲು ಆಗದಿದ್ದರೆ ಆ ಜಾಗಕ್ಕೆ ಮನೆಯಲ್ಲಿ ಇಡಬೇಡಿ.

ಇದ್ದಕ್ಕಿದ್ದ ಹಾಗೆ ಬಿಗಿತ ಜಾಸ್ತಿ ಆಗಿದೆ. ಕರೆಂಟ್ ಹೆಚ್ಚಿಸಲಾ?

ಬೇಡ. ಮೊದಲು ಕಾರಣ ಹುಡುಕಿ. ಚೆನ್ನಾಗಿದ್ದ ಕಾಲು ಎರಡು ದಿನದಲ್ಲಿ ಸೆಟೆದುಕೊಂಡರೆ ಮೈಯಲ್ಲಿ ಬೇರೆಲ್ಲೋ ತೊಂದರೆ ಇದೆ ಎಂದು ಅರ್ಥ. ಮಾತು ನಿಂತವರ ಪಾಲಿಗಂತೂ ಬಿಗಿತವೇ ಅವರ ಮಾತು. ಮೂತ್ರದ ಸೋಂಕು ನಾನು ಹೆಚ್ಚಾಗಿ ಕಂಡ ಕಾರಣ. ಮಲಬದ್ಧತೆ ಇನ್ನೊಂದು. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಆಗಿದೆಯಾ ನೋಡಿ. ಉಗುರು ಮಾಂಸದೊಳಕ್ಕೆ ಬೆಳೆದಿದೆಯಾ, ಪಟ್ಟಿ ಬಿಗಿಯಾಯಿತಾ, ಭುಜದಲ್ಲಿ ನೋವಿದೆಯಾ ನೋಡಿ. ಏಳಿಸುವಾಗ ಲಕ್ವದ ಕೈ ಹಿಡಿದು ಎಳೆಯುವುದರಿಂದ ಎಷ್ಟೋ ಜನರ ಭುಜ ಜಾರಿ ನೋವು ಶುರುವಾಗುತ್ತದೆ. ಕಂಕುಳಿಗೂ ಕೈ ಹಾಕಿ ಎತ್ತಬೇಡಿ, ಬೆನ್ನಿನ ಹಿಂದಿನಿಂದ ಆಸರೆ ಕೊಡಿ.

ಮೀನಖಂಡ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಕರೆಂಟೂ ಬೇಡ, ಎಣ್ಣೆ ತಿಕ್ಕುವುದೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಬಿಗಿತದ ಜೊತೆಗೆ ಹೊಸದಾಗಿ ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ. ಸಕಲೇಶಪುರದ ಒಳಗಿನ ತೋಟಗಳಿಂದ ಹಾಸನಕ್ಕೆ ಬರುವಷ್ಟರಲ್ಲೇ ಅದರಲ್ಲಿ ಒಂದು ಪಾಲು ಹೋಗಿರುತ್ತದೆ.

ಚಳಿಯೂ ಒಂದು ಕಾರಣ. ಮಲೆನಾಡಿನಲ್ಲಿ ಜೂನ್‌ನಿಂದ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಕೈಕಾಲು ಹೆಚ್ಚು ಬಿಗಿದಿರುತ್ತವೆ. ಸ್ವೆಟರ್, ಕಾಲುಚೀಲ ಹಾಕಿ. ಬೆಚ್ಚನೆ ನೀರಿನ ಸ್ನಾನ ಆದ ಮೇಲೆ ಮೈ ಪೂರ್ತಿ ಒರೆಸಿ ಟೆನ್ಸ್ ಇಟ್ಟರೆ ಒಳ್ಳೆಯದು. ಸೌದೆ ಒಲೆ ಹತ್ತಿರ ಕೂರಿಸುವಾಗ ಎಚ್ಚರ. ಸ್ಪರ್ಶ ಇಲ್ಲದ ಕಾಲು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಬಿಗಿತದ ಮಾತ್ರೆ ಬಿಡಬಹುದಾ?

ನೀವಾಗಿ ಬಿಡಬೇಡಿ. ಅದರಲ್ಲೂ ಬ್ಯಾಕ್ಲೋಫೆನ್ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರುವ ಅಪಾಯ ಇದೆ. ಮಾತ್ರೆಯಿಂದ ತೂಕಡಿಕೆ, ಸುಸ್ತು ಇದ್ದರೆ ಡಾಕ್ಟರಿಗೆ ಹೇಳಿ, ಅವರು ನಿಧಾನವಾಗಿ ಇಳಿಸುತ್ತಾರೆ. ಒಂದೆರಡು ಸ್ನಾಯು ಮಾತ್ರ ತುಂಬ ಬಿಗಿದಿದ್ದರೆ ಬೊಟುಲಿನಮ್ ಇಂಜೆಕ್ಷನ್ ಇದೆ. ಅದರ ಗುಣ ಸುಮಾರು ಮೂರು ತಿಂಗಳು ಇರುತ್ತದೆ. ಅದೂ ಹದ ಮಾಡುವ ಕೆಲಸವೇ, ಕರೆಂಟ್‌ಗಿಂತ ಜಾಸ್ತಿ ದಿನದ ಹದ. ಆ ಮೂರು ತಿಂಗಳಲ್ಲಿ ವ್ಯಾಯಾಮ ಮಾಡದಿದ್ದರೆ ಕೊಟ್ಟ ದುಡ್ಡು ವ್ಯರ್ಥ.

ಕಾಲಿನ ಬಿಗಿತ ಪೂರ್ತಿ ತೆಗೆದುಬಿಡಬಹುದಾ?

ಕೆಲವರು ಆ ಬಿಗಿತದ ಬಲದಲ್ಲೇ ನಿಂತಿರುತ್ತಾರೆ. ಮೊಣಕಾಲು ಸೆಟೆದಿರುವುದರಿಂದಲೇ ಕುಸಿಯದೆ ಬಚ್ಚಲಿಗೆ ನಡೆದು ಹೋಗುತ್ತಿರುತ್ತಾರೆ. ಅದನ್ನು ಕಿತ್ತುಕೊಂಡರೆ ಬೀಳುತ್ತಾರೆ. ಯಾವ ಬಿಗಿತ ತೊಂದರೆ ಕೊಡುತ್ತಿದೆ, ಯಾವುದು ಆಸರೆಯಾಗಿದೆ ಎಂದು ನಡೆಸಿ ನೋಡಿಯೇ ಹೇಳಬೇಕು.

ಸ್ಪಂಜ್ ಬಾಲ್ ಹಿಸುಕಿಸುತ್ತಿದ್ದೇವೆ. ಸರಿನಾ?

ಮುಚ್ಚಿಕೊಂಡೇ ಇರುವ ಕೈಗೆ ಮುಚ್ಚುವ ಕೆಲಸವನ್ನೇ ಯಾಕೆ ಕೊಡಬೇಕು? ನಾನಂತೂ ಕೊಡುವುದಿಲ್ಲ. ಬಿಚ್ಚುವ ಕೆಲಸ ಕೊಡಿ.

ನಾಟಿ ಎಣ್ಣೆ ಹಚ್ಚಿ ತಿಕ್ಕುತ್ತೇವೆ. ಜೊತೆಗೆ ಕರೆಂಟ್ ಇಡಬಹುದಾ?

ಎಣ್ಣೆ ಮೇಲೆ ಪ್ಯಾಡ್ ಸರಿಯಾಗಿ ಅಂಟುವುದಿಲ್ಲ, ಅಂಟಿದ ಚೂರು ಜಾಗದಲ್ಲೇ ಕರೆಂಟ್ ಒತ್ತಾಗಿ ಹರಿದು ಚುರುಗುಟ್ಟುತ್ತದೆ. ಎಣ್ಣೆ ರಾತ್ರಿಗೆ ಇರಲಿ, ಮೃದುವಾಗಿ ಸವರಿ. ಜೋರಾಗಿ, ಬೇಗ ಬೇಗ ತಿಕ್ಕಿದರೆ ಬಿಗಿತ ಹೆಚ್ಚುತ್ತದೆ. ನಾಟಿ ಔಷಧಿ ಶುರು ಮಾಡಿದೆವು ಎಂದು ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಬಿಡುವುದು ಮಾತ್ರ ಬೇಡವೇ ಬೇಡ. ಎರಡನೇ ಸ್ಟ್ರೋಕ್ ಬರುವ ದಾರಿ ಅದು.

ಎರಡು ವರ್ಷ ಆಗಿದೆ. ಈಗ ಶುರು ಮಾಡಿದರೆ ಏನಾದರೂ ಆಗುತ್ತಾ?

ಆಗುತ್ತದೆ. ಮೇಲೆ ಹೇಳಿದ ಹಾಂಗ್ ಕಾಂಗ್‌ನವರೆಲ್ಲ ವರ್ಷ ದಾಟಿದವರೇ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು, ನಿಜ. ಆದರೆ ಎರಡು ವರ್ಷ ಆಯಿತು ಎಂದು ಮೂಲೆಯಲ್ಲಿ ಕೂರಿಸಬೇಡಿ.

ಮೆಶಿನ್ ಕೊಂಡುಕೊಳ್ಳಬೇಕಾ?

ತಕ್ಷಣ ಬೇಡ. ಎರಡು ವಾರ ಕ್ಲಿನಿಕ್‌ನಲ್ಲೋ ಆಸ್ಪತ್ರೆಯಲ್ಲೋ ಇಡಿಸಿ ನೋಡಿ. ಗುಣ ಕಂಡರೆ, ಮನೆಯಲ್ಲಿ ದಿನವೂ ಇಟ್ಟು ವ್ಯಾಯಾಮ ಮಾಡಿಸುವವರು ಒಬ್ಬರು ಇದ್ದರೆ, ಆಗ ಕೊಳ್ಳಿ. ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಹರ್ಟ್ಜ್, ಮಿಡಿತದ ಅಗಲ, ಸಮಯ ಮೂರನ್ನೂ ಬದಲಿಸಲು ಬರುವಂಥದ್ದೇ ಇರಲಿ. ಬರೀ "ಮಸಾಜ್ ಮೋಡ್" ಎಂದು ಬರೆದಿರುವ ಆಟಿಕೆಯಂಥವು ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಾದರೆ ಸೆಲ್ ಬದಲಿಸಿ ಹಾಕುವ ಮೆಶಿನ್ ಅನುಕೂಲ. ಅಂಟುವ ಪ್ಯಾಡ್‌ಗಳನ್ನು ಬಳಸಿದ ಮೇಲೆ ಅದರ ಪ್ಲಾಸ್ಟಿಕ್ ಹಾಳೆಗೇ ಅಂಟಿಸಿಡಿ. ಅಂಟು ಹೋದ ಪ್ಯಾಡ್ ಮೇಲೆ ಟೇಪ್ ಸುತ್ತಿ ಬಳಸಬೇಡಿ, ಹೊಸದು ತನ್ನಿ.

ಉಪಯೋಗ ಆಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ನಾವು ಆಶ್‌ವರ್ತ್ ಎಂಬ ಅಳತೆಯಲ್ಲಿ 0ಯಿಂದ 4ರವರೆಗೆ ಅಂಕ ಕೊಡುತ್ತೇವೆ. ನಿಮಗೆ ಅದಕ್ಕಿಂತ ಮನೆಯ ಅಳತೆ ಮೇಲು. ಒಂದು ನೋಟ್‌ಬುಕ್ ಇಡಿ. ಶರ್ಟಿನ ತೋಳು ಹಾಕಲು ಎಷ್ಟು ನಿಮಿಷ ಆಯಿತು? ಉಗುರು ಕತ್ತರಿಸಲು ಅಂಗೈ ಬಿಚ್ಚಿತಾ? ಅಂಗೈ ಒಳಗೆ ತೊಳೆಯಲು ಆಯಿತಾ? ನಿಂತಾಗ ಹಿಮ್ಮಡಿ ನೆಲ ಮುಟ್ಟಿತಾ? ರಾತ್ರಿ ಕಾಲು ಸೆಟೆದು ಎಷ್ಟು ಸಲ ಎಚ್ಚರವಾಯಿತು? ವಾರಕ್ಕೊಮ್ಮೆ ಬರೆಯಿರಿ, ಪ್ರತಿ ಸಲವೂ ಅದೇ ದಿನ, ಅದೇ ಹೊತ್ತು. ಆರು ವಾರದಲ್ಲಿ ಇದರಲ್ಲಿ ಒಂದೂ ಬದಲಾಗದಿದ್ದರೆ ಟೆನ್ಸ್ ನಿಲ್ಲಿಸಿ ಬೇರೆ ದಾರಿ ನೋಡೋಣ.

ಮೊದಲ ಸಲ ತೋರಿಸಲು ಬರುವಾಗ ಏನು ತರಬೇಕು?

ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್, ಈಗ ನುಂಗುತ್ತಿರುವ ಮಾತ್ರೆಗಳು. ದಿನಾ ಹಾಕುವ ಚಪ್ಪಲಿ, ಹಿಡಿಯುವ ಕೋಲು. ತೋಳು ಮೇಲೇರಿಸಲು ಬರುವ ಬಟ್ಟೆ ಹಾಕಿಸಿ. ಮತ್ತೆ, ಮನೆಯಲ್ಲಿ ದಿನವೂ ವ್ಯಾಯಾಮ ಮಾಡಿಸುವವರು ಮಗಳೋ ಸೊಸೆಯೋ ಮೊಮ್ಮಗನೋ, ಅವರೇ ಜೊತೆಗೆ ಬರಲಿ. ಬೆಂಗಳೂರಿಂದ ರಜೆಗೆ ಬಂದ ಮಗನೊಬ್ಬನೇ ಕರೆದುಕೊಂಡು ಬಂದರೆ, ನಾನು ಹೇಳಿಕೊಟ್ಟದ್ದು ಸೋಮವಾರ ಬೆಳಿಗ್ಗೆ ಅವನ ಜೊತೆಗೇ ವಾಪಸ್ ಹೋಗುತ್ತದೆ.